ಮಂಜಪ್ಪ ಬಂದರೆ ಸಿಡಿಯುತ್ತಿದ್ದ ಕೊಳವೆ

ದೆವ್ವ ಕಂಡೆ ಎಂದವರಿಗೆ "ಮೊದಲು ಜ್ವರ ಇದೆಯೇ ನೋಡಿಕೊಳ್ಳಿ" ಎನ್ನುತ್ತಿದ್ದವನು ನಾನು. ಭೌತಶಾಸ್ತ್ರ ಓದಿದವನಿಗೆ ಅಷ್ಟು ಜಂಬ ಸಹಜ. ಆದರೆ ಎರಡನೇ ಮಹಾಯುದ್ಧಕ್ಕೆ ಮುಂಚೆ ಬಾಬಾಬುಡನ್‌ಗಿರಿಯಲ್ಲಿ ನಡೆದದ್ದನ್ನು ಮಾತ್ರ ಇವತ್ತಿಗೂ ನುಂಗಲಾರೆ, ಉಗುಳಲಾರೆ.

ಆಕಾಶದಿಂದ ಸದಾ ಸುರಿಯುವ ಸೂಕ್ಷ್ಮ ಕಣಗಳನ್ನು ಎಣಿಸಲು ನಮ್ಮ ಪ್ರೊಫೆಸರರು ನನ್ನನ್ನೂ ಮಂಜಪ್ಪನನ್ನೂ ಅಲ್ಲಿನ ಎಸ್ಟೇಟೊಂದರ ಕಾಫಿ ಗೋದಾಮಿಗೆ ಕಳಿಸಿದ್ದರು. ಎತ್ತರದಲ್ಲಿ ಕಣಗಳು ಹೆಚ್ಚು ಸಿಗುತ್ತವೆ. ಅವು ಕಣ್ಣಿಗೆ ಕಾಣುವುದಿಲ್ಲ; ಅನಿಲ ತುಂಬಿದ ಕೊಳವೆಯನ್ನು ಹಾದುಹೋದಾಗ ಅದಕ್ಕೆ ಜೋಡಿಸಿದ ಸ್ಪೀಕರು 'ಟಿಕ್' ಎನ್ನುತ್ತದೆ, ಅಷ್ಟೆ. ಆ ಕೊಳವೆಯನ್ನು ಬೆರಳು ಸುಟ್ಟುಕೊಂಡು ತಯಾರಿಸಿದವನು ನಾನು. ಮಂಜಪ್ಪ ಬಣಕಲ್ ಕಡೆಯವನು, ಹಾಡಿಕೊಂಡು ಓಡಾಡುವ ಆಸಾಮಿ. ನಮ್ಮಲ್ಲಿ ಒಬ್ಬನನ್ನೇ ಅಲ್ಲಿ ಉಳಿಸುವುದೆಂದು ಪ್ರೊಫೆಸರರು ಹೇಳಿದ್ದರು. ಉಳಿದವನಿಗೆ ಸಂಶೋಧನೆ, ಇನ್ನೊಬ್ಬ ಕಾಲೇಜಿಗೆ ಹಿಂತಿರುಗಿ ಪಾಠ ಹೇಳಬೇಕು.

ನಾನೊಬ್ಬನೇ ಕೂತರೆ ಟಿಕ್... ಟಿಕ್... ಎಂದು ತೂಕಡಿಸುವ ಕೊಳವೆ, ಮಂಜಪ್ಪ ಒಳಗೆ ಕಾಲಿಟ್ಟರೆ ಒಗ್ಗರಣೆಯ ಸಾಸಿವೆಯಂತೆ ಸಿಡಿಯುತ್ತಿತ್ತು. ಅವನ ಕೈಗಡಿಯಾರ ಬಿಚ್ಚಿಸಿದೆ. ಉಂಗುರ ತೆಗೆಸಿದೆ. ಸ್ನಾನ ಮಾಡಿಸಿ ನನ್ನದೇ ಅಂಗಿ, ಪಂಚೆ ಉಡಿಸಿದೆ. ಸಿಡಿಯುತ್ತಲೇ ಇತ್ತು.

"ಮಂಜಪ್ಪನೋರ್ನ ಕಂಡ್ರೆ ನಿಮ್ ಪೆಟ್ಟಿಗೆಗೆ ಭಾರೀ ಪ್ರೀತಿ ಮಾರಾಯ್ರೆ," ಎಂದು ಎಸ್ಟೇಟಿನ ಮೇಸ್ತ್ರಿ ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ಹೆತ್ತ ತಾಯಿಯನ್ನು ಬಿಟ್ಟು ಮಗು ಪಕ್ಕದ ಮನೆಯವಳತ್ತ ಕೈಚಾಚಿದರೆ ಹೇಗಿರುತ್ತದೆ, ನೀವೇ ಹೇಳಿ.

ಮಂಜಪ್ಪ ಇದ್ದರೆ ಎಣಿಕೆ ಕೆಡುತ್ತದೆ, ಅವನನ್ನು ಕರೆಸಿಕೊಳ್ಳಿ ಎಂದು ಪ್ರೊಫೆಸರರಿಗೆ ಹೇಳಿಕಳಿಸಿದೆ. ಅವರೇ ಗುಡ್ಡ ಹತ್ತಿ ಬಂದರು. ಅವರೆದುರು ಮಂಜಪ್ಪ ಕೊಳವೆಗೆ ಅಂಟಿಕೊಂಡೇ ಕೂತ. ಟಿಕ್... ಟಿಕ್... ಅದಕ್ಕಿಂತ ಹೆಚ್ಚು ಒಂದು ಸದ್ದೂ ಇಲ್ಲ.

"ಕೊಳವೆ ಸರಿಯಾಗೇ ಇದೆಯಪ್ಪಾ. ನಿನ್ನ ಹೊಟ್ಟೆಕಿಚ್ಚು ಅಳೆಯೋ ಉಪಕರಣ ಮಾತ್ರ ನನ್ನ ಹತ್ತಿರ ಇಲ್ಲ," ಎಂದರು. ಮಂಜಪ್ಪನನ್ನೇ ಉಳಿಸಿದರು.

ಹೊರಡುವ ಮುಂಜಾನೆ ಪ್ರೊಫೆಸರರು ಆಗಲೇ ಕಾರು ಹತ್ತಿದ್ದರು. ಕೊಳವೆಯನ್ನೊಮ್ಮೆ ನೋಡಿ ಬರೋಣವೆಂದು ಗೋದಾಮಿಗೆ ಹೋದೆ. ನನ್ನನ್ನು ಬೀಳ್ಕೊಡಲು ಮಂಜಪ್ಪ ಹಿಂದೆಯೇ ಬಂದ. ಅವನು ಹೊಸ್ತಿಲು ದಾಟಿದ್ದೇ ತಡ, ಅದು ಹುಚ್ಚು ಹಿಡಿದಂತೆ ಸಿಡಿಯತೊಡಗಿತು. "ದೇವ್ರಾಣೆಗೂ ನಾನೇನೂ ಮಾಡಿಲ್ಲ ಮಾರಾಯ," ಎಂದ. ಅವನ ಮುಖ ಬಿಳಿಚಿಕೊಂಡಿತ್ತು. ನಾನು ನಂಬಿದೆ.

ಎಲ್ಲೋ ತಂತಿ ಸಡಿಲವಾಗಿ, ಅವನ ಹೆಜ್ಜೆಗೆ ಅಲುಗುತ್ತಿತ್ತು ಎನ್ನುತ್ತಾರೆ ಬಲ್ಲವರು. ಇರಬಹುದು. ಆದರೆ ಅದೇ ನೆಲದ ಮೇಲೆ ನಾನೂ ಓಡಾಡಿದ್ದೆ, ಅವನಿಗಿಂತ ದಪ್ಪಗಿದ್ದವನು. ನನಗಾಗಿ ಆ ತಂತಿ ಒಂದು ಸಲವಾದರೂ ಯಾಕೆ ಅಲುಗಲಿಲ್ಲ?