ಹುಳುಮನೆಯ ಬಾಗಿಲು

ಮಾಲೂರಿನ ಆಚೆ, ಕಾರ್ಖಾನೆಗಳ ಸಾಲು ಮುಗಿಯುವಲ್ಲಿ ಬಚ್ಚಮ್ಮನ ಹಿಪ್ಪುನೇರಳೆ ತೋಟ. ಮೂವತ್ತು ವರ್ಷದಿಂದ ರೇಷ್ಮೆಹುಳು ಸಾಕುತ್ತಿದ್ದಾಳೆ, ಅಷ್ಟೇ ವರ್ಷದಿಂದ ಕಂಡವರನ್ನೆಲ್ಲ ಅನುಮಾನಿಸುತ್ತಿದ್ದಾಳೆ. ಹುಳುಮನೆಗೆ ಬರುವವರು ಕೈಕಾಲು ತೊಳೆದಿರಬೇಕು, ಸೆಂಟು ಹಾಕಿರಬಾರದು, ಬಾಯಲ್ಲಿ ಹೊಗೆಸೊಪ್ಪಂತೂ ಇರಲೇಬಾರದು, ಅದರ ಘಾಟಿಗೇ ಹುಳು ಸಾಯುತ್ತವೆ. ಗಂಡ ಗುರುವಪ್ಪನ ಬಾಯನ್ನೂ ಬಾಗಿಲಲ್ಲೇ ಮೂಸಿ ನೋಡಿ ಒಳಗೆ ಬಿಡುವ ಹೆಂಗಸು!

ಎರಡು ವರ್ಷದ ಹಿಂದೆ, ಮೂರನೇ ಸಲ ಪೊರೆ ಬಿಟ್ಟೆದ್ದ ಹುಳುಗಳು ಸೊಪ್ಪು ಮುಟ್ಟದೆ ಸತ್ತವು. ತಟ್ಟೆಗಟ್ಟಲೆ ಹುಳು ತಿಪ್ಪೆ ಸೇರಿತು. ಬಚ್ಚಮ್ಮನ ಕಣ್ಣು ನೇರ ಹೋಗಿ ನಿಂತದ್ದು ಪಕ್ಕದ ಮನೆಯ ಮುನಿಯಲ್ಲಮ್ಮನ ಮೇಲೆ. ಇಪ್ಪತ್ತು ವರ್ಷ ಜೊತೆಯಲ್ಲಿ ಹುಳುಗಳಿಗೆ ಸೊಪ್ಪು ಹಾಕಿದ ಗೆಳತಿ. ಆದರೆ ಹೊಗೆಸೊಪ್ಪಿನ ಚಟ.

"ನಿನ್ನ ಬಾಯಿಂದಲೇ ನನ್ನ ಹುಳ ಸತ್ತಿದ್ದು ಕಣೇ. ಇನ್ನು ಈ ಹೊಸ್ತಿಲು ತುಳೀಬೇಡ," ಅಂದುಬಿಟ್ಟಳು.

ಮುನಿಯಲ್ಲಮ್ಮ ಸೊಪ್ಪಿನ ಬುಟ್ಟಿ ಅಲ್ಲೇ ಇಳಿಸಿ ಹೋದಳು. ಅವಳು ಹೋದಮೇಲೂ ಹುಳುಗಳು ಸಾಯುವುದು ನಿಲ್ಲಲಿಲ್ಲ. ಆದರೂ ಬಚ್ಚಮ್ಮ ಕರೆಯಲಿಲ್ಲ, ಹಟ. ಮೊಟ್ಟೆ ಕೊಟ್ಟವನು, ಹುಳುಮನೆಗೆ ಎರಚುವ ಸುಣ್ಣ ಮಾರಿದವನು, ಎಲ್ಲರ ಮೇಲೂ ಗುಮಾನಿಪಟ್ಟಳು.

ಈ ವರ್ಷ ಮಾಲಿನ್ಯ ತಡೆಯುವ ಸರ್ಕಾರಿ ಇಲಾಖೆಯಿಂದ ಚೈತನ್ಯ ಎಂಬ ಇಂಜಿನಿಯರ್ ಹಾಲಿನ ಡೈರಿಯ ಮಾಳಿಗೆಯ ಮೇಲೆ ಗಾಳಿ ಪರೀಕ್ಷಿಸುವ ಮೆಷಿನ್ ತಂದಿಟ್ಟ. ಮೂರು ದಿನ ಅಲ್ಲೇ ಇತ್ತು. ಆ ಮೂರೂ ದಿನ ತೋಟದ ಆಚೆಯ ಗುಜರಿ ಶೆಡ್ಡಿನ ಚಿಮಣಿ ತಣ್ಣಗಿತ್ತು. ಹುಳುಗಳು ಮಳೆ ಹೊಯ್ದ ಹಾಗೆ ಸದ್ದು ಮಾಡುತ್ತ ಸೊಪ್ಪು ಮೇಯ್ದವು. ಮೆಷಿನ್ ಜೀಪು ಹತ್ತಿದ ಮರುದಿನವೇ ಹೊಗೆ ಎದ್ದಿತು. ಬಚ್ಚಮ್ಮ ಎಲೆಯ ಮೇಲೆ ಬೆರಳಾಡಿಸಿದಳು. ಬೂದುಬಣ್ಣದ ಪುಡಿ ಅಂಟಿತು.

ಚೈತನ್ಯನಿಗೆ ಫೋನ್ ಮಾಡಿದಳು. "ಏನಪ್ಪಾ, ನೀವು ಬರೋ ದಿನ ಅವರಿಗೆ ಯಾರು ಹೇಳ್ತಾರೆ?"

ಅವನಿಗೆ ಅರ್ಥವಾಯಿತು. "ಈ ಸಲ ಯಾರಿಗೂ ಹೇಳಲ್ಲ ಬಿಡಮ್ಮ."

ಮುಂದಿನ ವಾರ ಮೆಷಿನ್ ಸೊಪ್ಪಿನ ಗಾಡಿಯಲ್ಲಿ ಅಡಗಿ ಬಂದು ಹುಳುಮನೆಯ ಮಾಳಿಗೆ ಸೇರಿತು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಬಿಸಿಲಿಗೆ ಒಣಹಾಕಿದಂತೆ ಬಚ್ಚಮ್ಮ ಅದರ ಸುತ್ತ ಒರಗಿಸಿದಳು. ಚಿಮಣಿ ಧಾರಾಳವಾಗಿ ಹೊಗೆ ಉಗುಳಿತು. ಮೆಷಿನ್ನಿನೊಳಗೆ ಇಟ್ಟ ಬಿಳಿ ಕಾಗದ ಕರ್ರಗಾಗಿ ಹೊರಬಂತು.

ತಿಂಗಳಾದಮೇಲೆ ಚೈತನ್ಯ ವರದಿ ತಂದ. "ಮಿತಿಗಿಂತ ನಾಲ್ಕು ಪಟ್ಟು ಸೀಸ ಇದೆಯಮ್ಮ. ಸೊಪ್ಪಲ್ಲೂ ಅದೇ. ಆ ಶೆಡ್ಡಲ್ಲಿ ಎರಡು ವರ್ಷದಿಂದ ಒಳಗೊಳಗೇ ಹಳೇ ಬ್ಯಾಟರಿ ಕರಗಿಸ್ತಿದ್ದಾರೆ."

ಬಚ್ಚಮ್ಮನಿಗೆ ಗೆದ್ದೆ ಅನ್ನಿಸಲಿಲ್ಲ. ಗೆಳತಿಯನ್ನು ಬಾಗಿಲಲ್ಲೇ ತಡೆದವಳು, ಸೀಸದ ಪುಡಿಯನ್ನು ಬುಟ್ಟಿಗಟ್ಟಲೆ ತಾನೇ ಹೊತ್ತು ತಂದು ಹುಳುಗಳಿಗೆ ಉಣಿಸಿದ್ದಳು.

ಸೀದಾ ಮುನಿಯಲ್ಲಮ್ಮನ ಮನೆಗೆ ಹೋದಳು. "ತಪ್ಪಾಯ್ತು ಕಣೇ. ನಿನ್ನಿಂದಲ್ಲ, ಆ ಹೊಗೆಯಿಂದ ಸತ್ತಿದ್ದು. ಹುಳುಮನೆಗೆ ಬಾ. ಹೊಗೆಸೊಪ್ಪು ಹಾಕ್ಕೊಂಡೇ ಬಾ, ನಾನು ಮೂಸಲ್ಲ."

ಮುನಿಯಲ್ಲಮ್ಮ ಕೈಲಿದ್ದ ಮೊರ ಕೆಳಗಿಟ್ಟಳು.

"ಅದನ್ನ ಅವತ್ತೇ ಬಿಟ್ಟೆ," ಅಂದಳು. "ಅಷ್ಟು ಹುಳಾನೂ ನಾನೇ ಕೊಂದೆ ಅಂತ ಇವತ್ತಿನವರೆಗೂ ಅಂದ್ಕೊಂಡಿದ್ದೆ ಕಣೇ."