ಬುಟ್ಟಿಯಂಚಿನ ಮೀನು

ಗೋವಾದ ಯಾವ ಕ್ಯಾಸಿನೋದವರೂ ನನ್ನ ಅಣ್ಣನನ್ನು ಒಳಗೆ ಬಿಡುವುದಿಲ್ಲ. ಇದನ್ನು ಅವನು ಪದವಿ ಸಿಕ್ಕವನ ಹಾಗೆ ಹೇಳಿಕೊಂಡು ತಿರುಗುತ್ತಾನೆ. ಸದಾಶಿವಗಡದ ಚಹಾದಂಗಡಿಯಲ್ಲಿ ಹೊಸಬರು ಯಾರಾದರೂ ಕೂತರೆ ಸಾಕು, ಗ್ಲಾಸು ಖಾಲಿಯಾಗುವುದರೊಳಗೆ ಅವರಿಗೆ ಸುದ್ದಿ ಮುಟ್ಟಿರುತ್ತದೆ. ಇಸ್ಪೀಟ್ ಎಲೆ ಎಣಿಸುವ ಅವನ ತಲೆಗೆ ಹೆದರಿ ಹಡಗಿನವರು ಅವನ ಫೋಟೋ ತೆಗೆದು ಬಾಗಿಲಲ್ಲಿ ಇಟ್ಟುಕೊಂಡಿದ್ದಾರಂತೆ. ಫೋಟೋ ಇರುವುದು ನಿಜ. ಉಳಿದದ್ದು ಎಷ್ಟು ನಿಜವೆಂದು ನನಗೆ ಗೊತ್ತು. ಆ ಫೋಟೋ ತೆಗೆಯುವ ಹಾಗೆ ಮಾಡಿದವಳು ನಾನೇ.

ಆರು ವರ್ಷ ನಾನು ಮಾಂಡೋವಿ ನದಿಯಲ್ಲಿ ಲಂಗರು ಹಾಕಿ ನಿಂತ ಅಂಥದೊಂದು ಕ್ಯಾಸಿನೋ ಹಡಗಿನಲ್ಲಿ ಇಸ್ಪೀಟ್ ಎಲೆ ಹಂಚುವ ಕೆಲಸ ಮಾಡಿದೆ. ಎಲ್ಲಿಗೂ ಹೋಗದ ಹಡಗು ಅದು. ದಿನಾ ಸಮುದ್ರಕ್ಕೆ ಹೋಗಿ ಬರುವವರ ಮನೆಯಲ್ಲಿ ಹುಟ್ಟಿದ ನನಗೆ ಮೊದಲ ದಿನವೇ ಅದರ ಮೇಲೆ ತಾತ್ಸಾರ ಹುಟ್ಟಿತ್ತು. ನನ್ನದು ಬ್ಲ್ಯಾಕ್‌ಜಾಕ್ ಮೇಜು. ಎಲೆಗಳ ಮೊತ್ತ ಇಪ್ಪತ್ತೊಂದನ್ನು ದಾಟಬಾರದು, ಆದರೆ ಹಂಚುವವಳ ಮೊತ್ತಕ್ಕಿಂತ ಹೆಚ್ಚಿರಬೇಕು, ಇಷ್ಟೇ ಆಟ. ಇಷ್ಟಕ್ಕೆ ಜನ ವಿಮಾನ ಹತ್ತಿ ಬರುತ್ತಿದ್ದರು. ಜಾಗ ಮಾರಿದವರು, ಮದುವೆ ಗೊತ್ತಾದವರು, ಹೆಂಡತಿಗೆ ಮೀಟಿಂಗ್ ಎಂದು ಹೇಳಿ ಬಂದವರು. ಹೆಚ್ಚು ಸೋತವರನ್ನು ಹೆಚ್ಚು ಸಲ ‘ಸರ್’ ಎನ್ನಬೇಕೆಂದು ನಮಗೆ ಕಲಿಸಿದ್ದರು.

ತರಬೇತಿಯಲ್ಲಿ ಎಲೆ ಎಣಿಸುವವರ ಬಗ್ಗೆಯೇ ಒಂದು ದಿನದ ಪಾಠವಿತ್ತು. ಎಣಿಕೆಯಲ್ಲಿ ಮಾಟಮಂತ್ರ ಏನೂ ಇಲ್ಲ. ಎರಡರಿಂದ ಆರರವರೆಗಿನ ಸಣ್ಣ ಎಲೆ ಹೊರಬಿದ್ದರೆ ಮನಸ್ಸಿನಲ್ಲಿ ಒಂದು ಕೂಡಬೇಕು. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಒಂದು ಕಳೆಯಬೇಕು. ಲೆಕ್ಕ ಮೇಲೇರಿದೆ ಎಂದರೆ ಉಳಿದ ಕಟ್ಟಿನಲ್ಲಿ ದೊಡ್ಡ ಎಲೆಗಳು ಹೆಚ್ಚಿವೆ ಎಂದರ್ಥ, ಪಣ ಏರಿಸಬೇಕಾದದ್ದು ಆಗ. ಇದರಲ್ಲಿ ಮೋಸವಿಲ್ಲ. ಆಡುವವನು ಎಲೆಯನ್ನು ಮುಟ್ಟುವುದೂ ಇಲ್ಲ. ಆದರೂ ಎಣಿಸುವವನೆಂದು ಅನುಮಾನ ಬಂದರೆ ನಾವು ಕಟ್ಟನ್ನು ಅರ್ಧಕ್ಕೇ ನಿಲ್ಲಿಸಿ ಕಲಸಬೇಕಿತ್ತು. ಅವನ ಪಕ್ಕದಲ್ಲಿ ಹರಟುವವರನ್ನು ತಂದು ಕೂರಿಸುತ್ತಿದ್ದರು, ಪುಕ್ಕಟೆ ವಿಸ್ಕಿ ಬರುತ್ತಿತ್ತು. ಅಷ್ಟಾದರೂ ಗೆಲ್ಲುತ್ತಿದ್ದರೆ ಮೇಲಿನವರು ಬಂದು ಹೆಗಲ ಮೇಲೆ ಕೈಯಿಟ್ಟು, ಸರ್, ಬೇರೆ ಯಾವ ಆಟ ಬೇಕಾದರೂ ಆಡಿ, ಇದೊಂದು ಬೇಡ ಎನ್ನುತ್ತಿದ್ದರು. ಆಮೇಲೆ ಅವನ ಫೋಟೋ ಎಲ್ಲ ಹಡಗುಗಳಿಗೂ ಹೋಗುತ್ತಿತ್ತು. ಕುಡಿದು ಮನೆ ಹಾಳು ಮಾಡಿಕೊಳ್ಳುವವನು ಅತಿಥಿ, ತಲೆ ಓಡಿಸುವವನು ಕಳ್ಳ. ಈ ನ್ಯಾಯವನ್ನು ಅವರು ಟೈ ಕಟ್ಟಿಕೊಂಡು ನಗದೆ ಹೇಳುತ್ತಿದ್ದರು.

ಅಣ್ಣ ಎಣಿಕೆ ಕಲಿತದ್ದು ಮೊಬೈಲಿನಲ್ಲಿ. ಹತ್ತನೆಯ ಇಯತ್ತೆಯ ಗಣಿತವನ್ನು ಮೂರು ಸಲ ಬರೆದವನು, ಮಳೆಗಾಲದಲ್ಲಿ ದೋಣಿ ಮೇಲೆಳೆದು ಕೂತ ಎರಡು ತಿಂಗಳಲ್ಲಿ ಪಂಡಿತನಾದ. ನಾನು ರಜೆಗೆ ಬಂದಾಗ ಊಟದ ಮಧ್ಯೆ ಏನೂ ಅರಿಯದವನ ಹಾಗೆ ಕೇಳುತ್ತಿದ್ದ, ನಿಮ್ಮಲ್ಲಿ ಎಷ್ಟು ಕಟ್ಟು ಸೇರಿಸುತ್ತೀರಿ, ಎಷ್ಟು ಎಲೆ ಉಳಿದಾಗ ಕಲಸುತ್ತೀರಿ ಎಂದು. ತಂಗಿಯ ಕೆಲಸದ ಮೇಲೆ ಎಂಥ ಆಸಕ್ತಿ ಎಂದು ನಾನು ಎಲ್ಲ ಹೇಳಿದೆ. ಜಗತ್ತಿನ ದಡ್ಡರನ್ನೆಲ್ಲ ಹೀಯಾಳಿಸುವ ನಾನು ಆ ಪಟ್ಟಿಯಲ್ಲಿ ನನ್ನ ಹೆಸರನ್ನೂ ಬರೆಯಬೇಕು.

ನಮ್ಮ ಅಮ್ಮ, ಆಯಿ, ಕಾರವಾರದ ಪೇಟೆಯಲ್ಲಿ ಮೀನು ಮಾರುತ್ತಾಳೆ. ಬಂಗಡೆ ಎಣಿಸುವಾಗ ಎಡಗೈಯಲ್ಲಿ ಎರಡು, ಬಲಗೈಯಲ್ಲಿ ಎರಡು ಹಿಡಿದು ಎಸೆಯುತ್ತಾಳೆ. ಇಪ್ಪತ್ತೈದು ಸಲ ಎಸೆದರೆ ನೂರು. ನೂರಾದ ಕೂಡಲೇ ಒಂದು ಮೀನನ್ನು ಬುಟ್ಟಿಯ ಅಂಚಿನಲ್ಲಿ ಅಡ್ಡ ಇಡುತ್ತಾಳೆ. ಗಿರಾಕಿಯ ಜೊತೆ ಜಗಳವಾಡಲಿ, ಬುಟ್ಟಿಯ ಹಗ್ಗ ಬಿಗಿಯಲಿ, ಲೆಕ್ಕ ತಪ್ಪುವುದಿಲ್ಲ. ಕೊನೆಗೆ ಅಂಚಿನ ಮೀನುಗಳನ್ನು ನೋಡಿದರೆ ಆಯಿತು. ನಾವಿಬ್ಬರೂ ಎಣಿಸಲು ಕಲಿತದ್ದು ಹಾಗೆ. ಅಣ್ಣ ಮನೆಯಲ್ಲಿ ಅಭ್ಯಾಸ ಮಾಡುವಾಗ ಐದು ಕೂಡಿದಾಗಲೊಮ್ಮೆ ಚಾಪೆಯ ಅಂಚಿಗೆ ಒಂದು ಹುಣಸೆಬೀಜ ಇಡುತ್ತಿದ್ದ. ತಾನು ಕಲಿಸಿದ್ದು ಗೋವಾಕ್ಕೆ ಹೊರಟಿದೆ ಎಂದು ಆಯಿಗೆ ಹೆಮ್ಮೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಒಂದು ಭಾನುವಾರ, ಮಧ್ಯಾಹ್ನದ ಊಟ ಮುಗಿದಿತ್ತು. ಅಂದು ನನಗೆ ರಜೆಯಿರಬೇಕಿತ್ತು, ಗೆಳತಿಯೊಬ್ಬಳ ಬದಲಿಗೆ ಕೆಲಸಕ್ಕೆ ಬಂದಿದ್ದೆ. ಮೇಲ್ವಿಚಾರಕರು ನನ್ನನ್ನು ಕ್ಯಾಮೆರಾ ಕೋಣೆಗೆ ಕರೆದರು. ಇನ್ನೊಂದು ಮೇಜಿನಲ್ಲಿ ಕೂತವನೊಬ್ಬ ದುಡ್ಡಿನ ಬದಲು ಆಡುವ ಬಿಲ್ಲೆಗಳನ್ನು ವಿಚಿತ್ರವಾಗಿ ಇಡುತ್ತಿದ್ದಾನೆ, ಗುರುತಿನ ಚೀಟಿ ಕಾರವಾರದ್ದು, ನಿಮ್ಮ ಕಡೆಯ ಯಾವುದಾದರೂ ನಂಬಿಕೆಯೋ ನೋಡು ಎಂದರು. ಪರದೆಯ ಮೇಲೆ ಮೇಜಿನ ಅಂಚು ಕಾಣುತ್ತಿತ್ತು. ಅಂಚಿನಲ್ಲಿ ಒಂದರ ಪಕ್ಕ ಒಂದು ಬಿಲ್ಲೆಗಳು ಅಡ್ಡ ಮಲಗಿದ್ದವು. ಮುಖ ನೋಡುವ ಮೊದಲೇ ನನಗೆ ಆ ಕೈ ಯಾರದೆಂದು ತಿಳಿಯಿತು.

ಅವನು ಸಣ್ಣ ಎಲೆಗಳಿಗೆ ಬಿಲ್ಲೆ ಇಡುತ್ತಿದ್ದ. ದೊಡ್ಡ ಎಲೆಗಳು ಬಿದ್ದಾಗ ತೆಗೆಯುತ್ತಿರಲಿಲ್ಲ. ಅಂಚಿಗಿಟ್ಟ ಮೀನನ್ನು ನಮ್ಮಲ್ಲಿ ಯಾರು ಹಿಂದಕ್ಕೆ ತೆಗೆಯುತ್ತಾರೆ? ಎಣಿಸಿದ ಮೀನು ಎಣಿಸಿದ್ದೇ. ತಲೆಗೆ ಕಳೆಯಲು ಬರುತ್ತಿತ್ತೇನೋ, ಕೈಗೆ ಬರುತ್ತಿರಲಿಲ್ಲ. ಹಾಗಾಗಿ ಪ್ರತಿ ಕಟ್ಟಿನ ಕೊನೆಗೂ ಅವನ ಮುಂದೆ ಬಿಲ್ಲೆಗಳ ಸಾಲು, ಪ್ರತಿ ಕಟ್ಟಿನ ಕೊನೆಗೂ ಅವನ ದೊಡ್ಡ ಪಣ, ಪ್ರತಿ ಸಲವೂ ಗುಡಿಸಿದ ಹಾಗೆ ಸೋಲು. ನಾನು, ಇದು ನಮ್ಮೂರಿನ ಒಂದು ನಂಬಿಕೆ ಇರಬೇಕು ಎಂದೆ.

ಮೇಲ್ವಿಚಾರಕರು ನಕ್ಕರು. ಅವರಿಗೆ ಆಗಲೇ ಗೊತ್ತಾಗಿತ್ತು. “ಎಣಿಸುತ್ತಿದ್ದಾನೆ, ಆದರೆ ಕಳೆಯುವುದಿಲ್ಲ,” ಎಂದು ಹಿಂದಿಯಲ್ಲಿ ಹೇಳಿದರು. “ಇಂಥವನನ್ನು ಮನೆ ಅಳಿಯನ ಹಾಗೆ ನೋಡಿಕೊಳ್ಳಬೇಕು.” ಒಳ್ಳೆಯ ಕೋಣೆ ಕೊಡಿ, ಎರಡು ದಿನ ಉಳಿಸಿಕೊಳ್ಳಿ ಎಂದು ಫೋನಿನಲ್ಲಿ ಯಾರಿಗೋ ಆಜ್ಞೆ ಮಾಡಿದರು. ಪರದೆಯಲ್ಲಿ ಒಬ್ಬಳು ಹುಡುಗಿ ವಿಸ್ಕಿ ಹಿಡಿದು ಬಂದಳು. ಅಣ್ಣ ಅದನ್ನು ಸನ್ಮಾನವೆಂದು ತೆಗೆದುಕೊಂಡ. ಅಪ್ಪನಿಂದ ಬಂದ ದೋಣಿಯ ಪಾಲಿನಲ್ಲಿ ಮುಕ್ಕಾಲನ್ನು ಇಂಜಿನ್ ಬದಲಿಸಲು ಮಾರಿದೆ ಎಂದು ಹಿಂದಿನ ವಾರ ಅವನು ಮನೆಯಲ್ಲಿ ಹೇಳಿದ್ದ. ಆ ಇಂಜಿನ್ನು ಈಗ ಬಿಲ್ಲೆಯಾಗಿ ಅವನ ಮುಂದಿತ್ತು, ಅರ್ಧ ಆಗಲೇ ಹೋಗಿತ್ತು.

ಕೆಲಸಕ್ಕೆ ಸೇರುವಾಗ ನಾನು ಒಂದು ಕಾಗದಕ್ಕೆ ಸಹಿ ಮಾಡಿದ್ದೆ. ನನ್ನ ಮನೆಯವರು ಯಾರೂ ಅಲ್ಲಿ ಆಡಬಾರದು, ಆಡಿದರೆ ನನಗೂ ಕೆಲಸವಿಲ್ಲ. ನಾನು ಬಾಯಿ ಮುಚ್ಚಿಕೊಂಡರೆ ಸಂಬಳ ನನ್ನದು, ಎರಡು ದಿನದಲ್ಲಿ ದೋಣಿ ಅವರದು. ಆರು ವರ್ಷ ಎಲೆ ಹಂಚಿದ ಕೈ ಅಂದು ಮೊದಲ ಸಲ ನಡುಗಿತು. “ಸರ್, ಅವನು ನನ್ನ ಅಣ್ಣ,” ಎಂದೆ.

ಆಮೇಲೆ ಎಲ್ಲ ಬೇಗ ಮುಗಿಯಿತು. ಅಣ್ಣ ತಂಗಿ ಕೂಡಿ ಸಂಚು ಮಾಡಿದ್ದಾರೆ ಎಂದುಕೊಂಡರು. ಉಳಿದ ಬಿಲ್ಲೆಗೆ ಹಣ ಕೊಟ್ಟು ಅವನ ಫೋಟೋ ತೆಗೆದರು, ನನ್ನ ಗುರುತಿನ ಚೀಟಿಯನ್ನು ಕತ್ತರಿಯಿಂದ ತುಂಡು ಮಾಡಿದರು. ಒಂದೇ ಬೋಟಿನಲ್ಲಿ ನಮ್ಮಿಬ್ಬರನ್ನು ದಡಕ್ಕೆ ಕಳಿಸಿದರು.

ಬೋಟಿನಲ್ಲಿ ಅವನು ಕೇಳಿದ, “ನೀನೇ ಹೇಳ್ದೆ ಅಲ್ದಾ? ಇನ್ನೊಂದ್ ಕಟ್ಟು ಆಡೂಕೆ ಬಿಟ್ಟಿದ್ರೆ ಎಲ್ಲಾ ವಾಪಸ್ ಬತ್ತಿತ್ತು.”

ಹೌದು ಎಂದೆ. ಕಾರವಾರದ ಬಸ್ಸಿನಲ್ಲಿ ನಾವು ಬೇರೆ ಬೇರೆ ಸೀಟಿನಲ್ಲಿ ಕೂತೆವು.

ನಾನೀಗ ಅಂಕೋಲೆಯ ಬಟ್ಟೆ ಅಂಗಡಿಯೊಂದರಲ್ಲಿದ್ದೇನೆ, ಸಂಬಳ ಮೊದಲಿನದರ ಮೂರರಲ್ಲೊಂದು ಪಾಲು. ಅಣ್ಣ ಉಳಿದ ದುಡ್ಡಿನಲ್ಲಿ ಅದೇ ದೋಣಿಯಲ್ಲಿ ಸಣ್ಣದೊಂದು ಪಾಲು ತಿರುಗಿ ಕೊಂಡ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ ಅವನ ಕಥೆ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದೆ. ಆರು ಕಟ್ಟಿದ್ದದ್ದು ಎಂಟಾಯಿತು. ನನ್ನ ಪಾತ್ರ ಹೊಟ್ಟೆಕಿಚ್ಚಿನ ತಂಗಿಯದು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಹೋದ ತಿಂಗಳು ಹಣಕೋಣದಿಂದ ಅತ್ತಿಗೆಯ ಕಡೆಯವರು ಬಂದಿದ್ದರು. ಅವರಲ್ಲಿ ಒಬ್ಬರು ನಂಬದೆ, ಅಷ್ಟು ದೊಡ್ಡ ಹಡಗಿನವರು ನಿನಗೆ ಹೆದರುವುದುಂಟೇ ಎಂದು ನಕ್ಕರು. ಅಣ್ಣನ ಮುಖ ಬಿಗಿಯಿತು. ಬೇಕಾದರೆ ನೇಪಾಳದಲ್ಲೂ ಕ್ಯಾಸಿನೋ ಇವೆ, ಅಲ್ಲಿ ನನ್ನ ಫೋಟೋ ಇಲ್ಲ, ಹೋಗಿ ತೋರಿಸುತ್ತೇನೆ ಎಂದ. ಮೂಲೆಯಲ್ಲಿ ಬಂಗಡೆ ಎಣಿಸುತ್ತಿದ್ದ ಆಯಿಯ ಕೈ ನಿಂತಿತು. ಅವನು ನನ್ನತ್ತ ತಿರುಗಿದ.

“ನೀ ಅಲ್ಲೇ ಇದ್ಯಲಾ. ಹೇಳು ಇವ್ರಿಗೆ, ಅವ್ರು ಹೆದರಿದ್ರೋ ಇಲ್ವೋ?”

ಮನೆ ಅಳಿಯ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇಷ್ಟು ವರ್ಷ ಕಾದ ಮಾತು ಅದು.

“ಹೆದರಿದ್ರು,” ಅಂದೆ. “ಕೈ ನಡಗ್ತಿತ್ತು. ನಾ ಕಣ್ಣಾರೆ ನೋಡ್ದೆ.”

ಅಣ್ಣ ಗೆದ್ದವನ ಹಾಗೆ ಗೋಡೆಗೊರಗಿ ಕೂತ. ನೇಪಾಳದ ಮಾತು ಮತ್ತೆ ಬರಲಿಲ್ಲ. ಆಯಿ ಅಂಚಿಗೆ ಒಂದು ಮೀನು ಇಟ್ಟು ಎಣಿಕೆ ಮುಂದುವರಿಸಿದಳು. ಮರುದಿನ ಬೆಳಿಗ್ಗೆ ಅವನು ಎಂದಿನಂತೆ ದೋಣಿಗೆ ಹೋದ.