ಜುಲೈ ತಿಂಗಳ ಹುಲ್ಲು

ಇಸವಿ ಎರಡು ಸಾವಿರಕ್ಕೆ ಕಂಪ್ಯೂಟರುಗಳು ಕೆಡದಂತೆ ಸರಿಮಾಡುವ ವೈಟುಕೆ ಕೆಲಸಕ್ಕೆಂದು ನನ್ನ ಗಂಡ ಅಮೆರಿಕದ ಪಿಸ್ಕಾಟವೇಗೆ ಬಂದಾಗ, ಜೊತೆಗೆ ಬಂದ ನನ್ನ ವೀಸಾದಲ್ಲಿ ಸಂಬಳಕ್ಕೆ ದುಡಿಯುವಂತಿರಲಿಲ್ಲ. ಮನೆಯಲ್ಲಿ ಕೂತು ಕೂತು ಸಾಕಾಗಿ, ಹತ್ತಿರದ ಪುಟ್ಟ ರೈಲ್ವೆ ಮ್ಯೂಸಿಯಂನಲ್ಲಿ ಹಳೇ ಕಾಗದಗಳನ್ನು ಕಂಪ್ಯೂಟರಿಗೆ ಹಾಕುವ ಬಿಟ್ಟಿ ಚಾಕರಿ ಹಿಡಿದೆ.

ಅವು ಅಮೆರಿಕದ ಅಂತರ್ಯುದ್ಧದ ಕಾಲದವು. ಸೈನ್ಯದ ಕುದುರೆಗಳಿಗೆ ಆ ಊರಿನ ಸ್ಟೇಷನ್ನಿನಿಂದ ಗೂಡ್ಸ್ ಗಾಡಿಯಲ್ಲಿ ಹುಲ್ಲು ಹೋಗುತ್ತಿತ್ತು. ತುಂಬಿದ ಕಡೆ ಒಂದು ಸಲ ತೂಕ ಬರೆದಿದ್ದರು, ಇಳಿಸಿಕೊಂಡ ಕಡೆ ಇನ್ನೊಂದು ಸಲ. ನನಗೆ ಕಾಗದ ಕೊಡುತ್ತಿದ್ದವರು ಎಂಬತ್ತು ದಾಟಿದ ಮುದುಕರು. ಹುಲ್ಲು ತುಂಬಿಸುತ್ತಿದ್ದ ಗುಮಾಸ್ತ ಅವರ ಮುತ್ತಜ್ಜ. ಆತ ಸೈನ್ಯದ ಹುಲ್ಲು ಕದ್ದನೆಂಬ ಮಾತು ಊರಲ್ಲಿ ಇನ್ನೂ ಉಳಿದಿತ್ತು. ಆತನ ಫೋಟೊ ಗೋಡೆಗೆ ಹಾಕಬೇಕೋ ಬೇಡವೋ ಎಂದು ಮ್ಯೂಸಿಯಂ ಕಮಿಟಿ ತೀರ್ಮಾನಿಸುವುದಿತ್ತು.

“ಕಳ್ಳ ಅಲ್ಲ ಅಂತ ನಿನ್ನ ಕಂಪ್ಯೂಟರ್ ಹೇಳಬೇಕು,” ಎಂದರು ಮುದುಕರು.

ಕಂಪ್ಯೂಟರ್ ಹಾಗೆ ಹೇಳಲಿಲ್ಲ. ಜುಲೈ ತಿಂಗಳಿಡೀ ಒಂದೊಂದು ವ್ಯಾಗನ್ನೂ ತೂಕ ಇಳಿದೇ ತಲುಪಿತ್ತು. ನನಗೆ ಗುಮಾಸ್ತನ ಮೇಲೆ ಅನುಮಾನ ಬಂತು. ಹಾಳೆಗಳನ್ನು ಎಣಿಸಿ ಕೊಟ್ಟು ಎಣಿಸಿಯೇ ವಾಪಸು ತೆಗೆದುಕೊಳ್ಳುತ್ತಿದ್ದ ಮುದುಕರ ಮೇಲೂ, ಏನೋ ಮುಚ್ಚಿಡುತ್ತಿದ್ದಾರೆಂದು, ಬಂತು.

ಅರಸೀಕೆರೆಯ ಗೂಡ್ಸ್ ಶೆಡ್ಡಿನಲ್ಲಿ ಆಯುಷ್ಯ ಕಳೆದ ನಮ್ಮ ತಾತನಿಗೆ ಫೋನ್ ಮಾಡಿದೆ.

“ಯಾವ ತಿಂಗಳ ಹುಲ್ಲೇ ಅದು?”

“ಜುಲೈ ತಾತ. ಇಲ್ಲಿ ಬೇಸಿಗೆ.”

“ಆಗ ತಾನೇ ಕೊಯ್ದ ಹಸಿ ಹುಲ್ಲು, ದಾರೀಲಿ ಒಣಗದೆ ಇನ್ನೇನಾಗುತ್ತೆ? ಪಾಪ, ಸತ್ತೋನನ್ನ ಕಳ್ಳ ಅಂತೀಯಲ್ಲೇ! ಚಳಿಗಾಲದ್ದು ನೋಡು, ಅದು ಒಣಗಿರೋ ಹುಲ್ಲು.”

ಮಾರನೆಯ ದಿನ ಮುದುಕರಿಗೆ ತಾತನ ಮಾತು ಹೇಳಿ ಚಳಿಗಾಲದ ಕಟ್ಟು ಕೇಳಿದೆ. ಮುದುಕರು ಹಿಂದೆಮುಂದೆ ನೋಡಿ ಕೊಟ್ಟರು. ಎಲ್ಲ ವ್ಯಾಗನ್ನುಗಳಲ್ಲೂ ಕಳಿಸಿದ ತೂಕವೇ ಮುಟ್ಟಿತ್ತು. ಅವರ ಕಣ್ಣಲ್ಲಿ ನೀರಾಡಿತು. ನಾನೂ ಖುಷಿಯಿಂದ ತಾತನಿಗೆ ಹೇಳಿದೆ.

“ಒಂದು ಪೌಂಡೂ ಆಚೀಚೆ ಇಲ್ವಾ?”

“ಇಲ್ಲ ತಾತ.”

“ಹಂಗಾದ್ರೆ ಇಳಿಸ್ಕೊಂಡೋರು ತೂಕದ ಕಲ್ಲು ಮುಟ್ಟೇ ಇಲ್ಲ. ಗಾಡಿ ಜೊತೆ ಬಂದ ಚೀಟೀಲಿ ಇದ್ದಿದ್ದನ್ನೇ ಬರ್ಕೊಂಡಿದಾರೆ. ಗಾಡಿ ಮೇಲೆ ಗಾಡಿ ಬಂದಾಗ ನಾವೂ ಹಂಗೇ ಮಾಡ್ತಿದ್ವಿ.”

“ಅಂದ್ರೆ ಕದ್ದಿದ್ರೂ ಗೊತ್ತಾಗಲ್ಲ?”

“ಕದ್ದಿದ್ರೂ ಗೊತ್ತಾಗಲ್ಲ, ಕದೀದೇ ಇದ್ರೂ ಗೊತ್ತಾಗಲ್ಲ. ನಿಂದು ಊಟ ಆಯ್ತೇನೇ?”

ನನಗೆ ಊಟ ಸೇರಲಿಲ್ಲ. ನನ್ನ ಗಂಡ ನಕ್ಕ. “ಯಾರ ಕುದುರೆನೋ, ಯಾರ ಹುಲ್ಲೋ! ಸುಮ್ನೆ ಜುಲೈದು, ಚಳಿಗಾಲದ್ದು ಎರಡೂ ಪ್ರಿಂಟ್ ಮಾಡಿ ಕೊಟ್ಬಿಡು. ನೀನೇನು ಪೊಲೀಸಾ?”

ಕಮಿಟಿಯಲ್ಲಿ ಬಾಯಿ ಬಿಡಬಾರದೆಂದೇ ಹೋದೆ. ಹಸಿ ಹುಲ್ಲು ಒಣಗುವ ವಿಷಯ ಮುದುಕರು ಹೇಳಿದಾಗ ಎಲ್ಲರೂ ತಲೆದೂಗಿದರು. ಆಮೇಲೆ ಒಬ್ಬ ಹೆಂಗಸು ಚಳಿಗಾಲದ ಹಾಳೆ ತಿರುವುತ್ತಾ, “ಇಷ್ಟು ಸರಿಯಾಗಿ ತಾಳೆಯಾಗುವುದು ಸಹಜವೇ?” ಎಂದು ನನ್ನನ್ನೇ ಕೇಳಿದಳು. ಮುದುಕರು ನನ್ನ ಮುಖ ನೋಡಿದರು. ಆ ನೋಟದಿಂದ ತಿಳಿಯಿತು: ಅವರಿಗೂ ಇದು ಮೊದಲೇ ಹೊಳೆದಿತ್ತು.

“ಇಲ್ಲ,” ಎಂದೆ. “ಅಲ್ಲಿ ಯಾರೂ ತೂಗಿಲ್ಲ.”

ಫೋಟೊ ಗೋಡೆಗೆ ಏರಲಿಲ್ಲ. ಬೇಡವೆಂದೂ ಕಮಿಟಿ ಹೇಳಲಿಲ್ಲ, ಇನ್ನಷ್ಟು ಕಾಗದ ಸಿಕ್ಕರೆ ನೋಡೋಣ ಎಂದಿತು. ಪಾರ್ಕಿಂಗಿನಲ್ಲಿ ಮುದುಕರು ಮುತ್ತಜ್ಜನ ಫೋಟೊದ ಚೌಕಟ್ಟನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕುತ್ತಿದ್ದರು. ಸಹಾಯಕ್ಕೆ ಕೈ ಚಾಚಿದೆ. “ಬೇಡ, ನಾನೇ ಹಾಕುತ್ತೇನೆ,” ಎಂದರು.